ಹಳೆ ಜೈಲಿನಲ್ಲಿ ದಿನಗಳ ಲೆಕ್ಕ

ಬೆಂಗಳೂರಿನ ಮಹಾರಾಣಿ ಕಾಲೇಜಿನ ಕಡೆಯಿಂದ ಶೇಷಾದ್ರಿ ರಸ್ತೆ ಹಿಡಿದು ಆನಂದರಾವ್ ವೃತ್ತದತ್ತ ಹೊರಟವರಿಗೆ ಒಂದು ಕಾಲದಲ್ಲಿ ಎತ್ತರದ ಕಲ್ಲುಗೋಡೆಯೊಂದು ಜೊತೆಗೂಡುತ್ತಿತ್ತು. ಬಸ್ಸಿನ ಕಿಟಕಿಯಲ್ಲಿ ಕೂತ ಮಕ್ಕಳು 'ಅದೇನು?' ಎಂದರೆ ದೊಡ್ಡವರು ದನಿ ತಗ್ಗಿಸಿ 'ಜೈಲು' ಎನ್ನುತ್ತಿದ್ದರು. 1867ರಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಅದು. 2000ದಲ್ಲಿ ಕೈದಿಗಳನ್ನೆಲ್ಲ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಕೆಲವು ವರ್ಷ ಹಾಳು ಸುರಿಯಿತು. 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಹೆಸರು ಹೊತ್ತು ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಜೈಲಿಗೆ 'ಸ್ವಾತಂತ್ರ್ಯ'ದ ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕೋ ಬೇಡವೋ ಎಂಬುದು ಒಳಗೆ ಒಂದು ಸುತ್ತು ಹಾಕುವವರೆಗೆ ತೀರ್ಮಾನವಾಗುವುದಿಲ್ಲ.

ನಾನು ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ರಸ್ತೆಯ ಬದಿಯ ಬಯಲಿನಲ್ಲಿ ಆಗಲೇ ಶಾಮಿಯಾನ ಎದ್ದಿತ್ತು. ಯಾವುದೋ ಜಿಲ್ಲೆಯಿಂದ ರಾತ್ರಿ ಬಸ್ಸು ಹಿಡಿದು ಬಂದ ಹೆಂಗಸರು ಚೀಲವನ್ನೇ ದಿಂಬು ಮಾಡಿಕೊಂಡು ಒರಗಿದ್ದರು. ಗೌರವಧನ ಹೆಚ್ಚಿಸಿ ಎಂಬ ಬ್ಯಾನರು, ಮೈಕಿನವನ ಹಲೋ ಹಲೋ, ಪಕ್ಕದಲ್ಲಿ ನಿಂತ ಪೊಲೀಸ್ ವ್ಯಾನು. ನಗರದಲ್ಲಿ ಧರಣಿ, ಪ್ರತಿಭಟನೆಗಳೇನಿದ್ದರೂ ಇಲ್ಲಿಯೇ ಆಗತಕ್ಕದ್ದು ಎಂದು ಆದೇಶವಾದ ಮೇಲೆ ನಾಡಿನ ಸಿಟ್ಟೆಲ್ಲ ಇಲ್ಲಿಗೇ ಬಂದು ಕೂರುತ್ತದೆ. ಮೊದಲು ಸರಕಾರಕ್ಕೆ ಬೇಡವಾದವರನ್ನು ಹಿಡಿದು ಇಲ್ಲಿಗೆ ತರುತ್ತಿದ್ದರು, ಈಗ ಅವರು ಟಿಕೆಟ್ಟು ಕೊಂಡು ತಾವೇ ಬರುತ್ತಾರೆ ಎಂದು ಕಡಲೆಕಾಯಿ ಮಾರುವವನೊಬ್ಬ ಹೇಳಿ ನಕ್ಕ. ದಿನವೂ ಇಲ್ಲೇ ನಿಂತು ನೋಡುವವನು, ಅವನಿಗಲ್ಲದೆ ಯಾರಿಗೆ ಗೊತ್ತಿರಬೇಕು!

ಒಳಭಾಗ ಬೇರೆಯೇ ಲೋಕ. ನಡುವೆ ಕಾವಲು ಗೋಪುರ. ಅದರ ಮೇಲೆ ನಿಂತ ಒಬ್ಬನಿಗೆ ಸುತ್ತಲಿನ ಎಲ್ಲರೂ ಕಾಣಬೇಕು, ತನ್ನನ್ನು ನೋಡುತ್ತಿದ್ದಾನೋ ಇಲ್ಲವೋ ಎಂಬುದು ಕೆಳಗಿನವನಿಗೆ ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಸೆರೆಮನೆಗಳ ಗುಟ್ಟೇ ಇದು. ಈಗ ಗೋಪುರದ ಮೇಲೆ ಯಾರೂ ಇಲ್ಲ. ಕೆಳಗೆ ಬಿಳಿ ಕ್ಯಾನ್ವಾಸ್ ಬೂಟಿನ ನಿವೃತ್ತ ಅಧಿಕಾರಿಗಳು ಸಕ್ಕರೆ ಕಾಯಿಲೆಯ ಸಲುವಾಗಿ ಸುತ್ತು ಎಣಿಸುತ್ತ ನಡೆಯುತ್ತಾರೆ. ಕಂಬಿಗಳಿರುವ ಒಂದು ಬ್ಯಾರಕ್ಕನ್ನು ಹಾಗೆಯೇ ಉಳಿಸಿದ್ದಾರೆ. ಪ್ರೇಮಿಗಳು ಕಂಬಿಯ ಹಿಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಆ ಬ್ಯಾರಕ್ಕಿನ ಎದುರಿನ ಕಲ್ಲುಬೆಂಚಿನಲ್ಲಿ ಕೂತಿದ್ದ ಮುದುಕರೊಬ್ಬರು ನನಗೆ ಸಿಕ್ಕಿದ್ದು. ಬಿಳಿ ಪಂಚೆ, ತೋಳು ಮಡಿಸಿದ ಅಂಗಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕೈಚೀಲ. ವಾಕಿಂಗಿನವರ ಗುಂಪಿಗೆ ಸೇರಿದವರಲ್ಲ. ಹುಡುಗರಿಬ್ಬರು ಕಂಬಿ ಹಿಡಿದು ಸಿನಿಮಾದವರಂತೆ ಅಳುವ ಮುಖ ಮಾಡುತ್ತಿದ್ದುದನ್ನು ನೋಡಿ ಅವರು ಸಣ್ಣಗೆ ನಕ್ಕರು. 'ಹಂಗೆ ಹಿಡಿಯಾಕಿಲ್ಲ' ಎಂದರು, ತಮ್ಮಷ್ಟಕ್ಕೇ ಎಂಬಂತೆ.

'ಮತ್ತೆ ಹೆಂಗೆ ಹಿಡೀತಾರೆ ಯಜಮಾನ್ರೇ?' ಎಂದೆ.

'ಹಿಡಿಯಾದೇ ಇಲ್ಲ ಸ್ವಾಮಿ. ಎಲ್ಡು ದಿನ ಹಿಡ್ಕೊಂಡು ನಿಂತ್ಕಂತಾರೆ. ಆಮೇಕೆ ಗ್ವಾಡೆಗೆ ಒರಕ್ಕಂಡು ಕುಂತ್ಕಳಾದೇಯ.'

ಮಾಗಡಿ ಸೀಮೆಯವರು. ಹೆಸರು ಕೇಳಿದೆ, 'ಅದ್ಯಾಕೆ ಬುಡಿ' ಎಂದರು. ನಾನೂ ಬಿಟ್ಟೆ. ಇಪ್ಪತ್ತರ ಹುಡುಗನಾಗಿ ಚಿಕ್ಕಪೇಟೆಯ ಕಡೆ ಬಟ್ಟೆಯ ಗಂಟು ಹೊರುವ ಕೂಲಿಗೆ ಬಂದವರು, 1971ರ ಯುಗಾದಿಯಾಗಿ ಒಂದು ವಾರಕ್ಕೆ ಕಳವಿನ ಆರೋಪದ ಮೇಲೆ ಒಳಗೆ ಬಂದರು. ಕದ್ದಿದ್ದರೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜಾಮೀನು ಸಿಕ್ಕಿತ್ತಂತೆ. ಆದರೆ ಜಾಮೀನು ಸಿಗುವುದು ಬೇರೆ, ಜಾಮೀನು ನಿಲ್ಲುವವರು ಸಿಗುವುದು ಬೇರೆ. ಪಹಣಿ, ಕಂದಾಯದ ರಸೀದಿ ಹಿಡಿದು ಬೆಂಗಳೂರಿಗೆ ಬಂದು ಕೋರ್ಟಿನಲ್ಲಿ ಕೈಯೆತ್ತಬಲ್ಲ ನೆಂಟ ಅವರಿಗಿರಲಿಲ್ಲ. ಅಪ್ಪನ ಎರಡೆಕರೆ ಆಗಲೇ ಸಾಹುಕಾರನ ಬಳಿ ಆಧಾರವಾಗಿತ್ತು. ಹೀಗಾಗಿ ತೀರ್ಪಾಗುವವರೆಗೆ ಇಲ್ಲೇ ಇದ್ದರು. ಶಿವರಾತ್ರಿ ಮುಗಿದ ಮೇಲೆ ತೀರ್ಪು. ಸುಮಾರು ಹನ್ನೊಂದು ತಿಂಗಳು.

'ಎಷ್ಟು ಶಿಕ್ಷೆ ಆಯ್ತು?'

'ಆರು ತಿಂಗಳು.'

'ಹಾಗಾದರೆ ಅವತ್ತೇ ಬಿಟ್ಟಿರಬೇಕಲ್ಲ?'

ಅವರು ನನ್ನ ಮುಖವನ್ನೊಮ್ಮೆ ನೋಡಿದರು. 'ನಾನೂ ಹಂಗೇ ಅಂದ್ಕಂಡೆ ಸ್ವಾಮಿ. ಹನ್ನೊಂದರಾಗೆ ಆರು ಹೋದ್ರೆ ಐದು ತಿಂಗಳು ಅವ್ರೇ ನಂಗೆ ಕೊಡಬೇಕಾಯ್ತದೆ ಅಂತ ಪೊಲೀಸ್ನೋರಿಗೆ ಹೇಳ್ದೆ. ಅವ್ರು ನಕ್ಕಿದ್ದೇ ನಕ್ಕಿದ್ದು. ಮತ್ತೆ ಇಲ್ಲಿಗೇ ಕರ್ಕಂಡು ಬಂದ್ರು. ಆ ಕಡೇಲಿದ್ದೋನು ಈ ಕಡೆಗೆ ಬಂದೆ, ಬಿಳಿ ಬಟ್ಟೆ ಕೊಟ್ರು, ಅಷ್ಟೇಯ.'

ಶ್ರಾವಣದಲ್ಲಿ ಹೊರಗೆ ಬಂದರಂತೆ. ಆರು ತಿಂಗಳ ಶಿಕ್ಷೆಗೆ ಹದಿನೇಳು ತಿಂಗಳ ವಾಸ.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ ಎಂಬುದೇ ಸೋಜಿಗ. ಆಗ ಕಾನೂನು ಇದ್ದದ್ದೇ ಹಾಗೆ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ ಶಿಕ್ಷೆ ಎಂಬುದು ನ್ಯಾಯಾಧೀಶರು ಅದನ್ನು ಉಚ್ಚರಿಸಿದ ದಿನದಿಂದ ಲೆಕ್ಕ. ಅದಕ್ಕೆ ಹಿಂದೆ ಒಳಗಿದ್ದದ್ದು ಶಿಕ್ಷೆಯಲ್ಲ, ಕೇವಲ 'ಇಟ್ಟುಕೊಂಡಿದ್ದದ್ದು'. ತಪ್ಪು ಮಾಡಿದನೆಂದು ಸಾಬೀತಾಗದವನಿಗೆ ಶಿಕ್ಷೆ ಕೊಡುವುದುಂಟೆ, ಕೊಡದ ಶಿಕ್ಷೆಯನ್ನು ಕಳೆಯುವುದಾದರೂ ಹೇಗೆ ಎಂಬುದು ಅದರ ತರ್ಕ. ತರ್ಕವೇನೋ ಸರಿ, ಬ್ಯಾರಕ್ಕು ಒಂದೇ, ಕಂಬಿ ಒಂದೇ, ಸಂಜೆಯ ಎಣಿಕೆ ಒಂದೇ ಎಂಬುದನ್ನು ಮಾತ್ರ ಅದು ಗಮನಿಸಿರಲಿಲ್ಲ. ಕರುಣೆಯುಳ್ಳ ನ್ಯಾಯಾಧೀಶರು 'ಈಗಾಗಲೇ ಒಳಗಿದ್ದಾನೆ' ಎಂದು ಶಿಕ್ಷೆಯನ್ನೇ ತುಸು ಕಡಿಮೆ ಮಾಡುತ್ತಿದ್ದುದುಂಟು. ಆದರೆ ಅದು ಅವರ ಮನಸ್ಸಿಗೆ ಬಿಟ್ಟದ್ದು. ಕೈದಿ ಕೇಳಿ ಪಡೆಯಬಹುದಾದ ಹಕ್ಕಾಗಿರಲಿಲ್ಲ.

ಹಳೆಯ ಕೋಡನ್ನು ಕೈಬಿಟ್ಟು ಹೊಸದನ್ನು ಬರೆಯಲು ಹೊರಟಾಗ ಸಂಸತ್ತಿನ ಜಂಟಿ ಸಮಿತಿಯ ಕಣ್ಣಿಗೆ ಈ ಅನ್ಯಾಯ ಬಿತ್ತು. ಕೊನೆಗೆ ಸಿಗುವ ಶಿಕ್ಷೆಗಿಂತ ಹೆಚ್ಚು ಕಾಲ ಜನ ವಿಚಾರಣೆಗಾಗಿ ಕೊಳೆಯುತ್ತಿದ್ದಾರೆ ಎಂಬುದು ಸಮಿತಿಯ ಸಂಕಟವಾಗಿತ್ತು. ಅದರ ಫಲವೇ 428ನೆಯ ಕಲಂ. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಸೇರಿತು. ಅದೇ ಪ್ರಕರಣದ ತನಿಖೆ, ವಿಚಾರಣೆಯ ಕಾಲದಲ್ಲಿ ಆರೋಪಿ ಬಂಧನದಲ್ಲಿದ್ದ ಅವಧಿಯನ್ನು ಅವನಿಗೆ ವಿಧಿಸಿದ ಸಜೆಯಲ್ಲಿ ಕಳೆಯತಕ್ಕದ್ದು; ಮಿಕ್ಕಿದ್ದನ್ನಷ್ಟೇ ಅವನು ಅನುಭವಿಸತಕ್ಕದ್ದು. ಇಷ್ಟೇ. ಕೋರ್ಟಿನಲ್ಲಿ ಇದಕ್ಕೆ 'ಸೆಟ್ ಆಫ್' ಎನ್ನುತ್ತಾರೆ. ಕನ್ನಡದಲ್ಲಿ ತೀರ್ಪು ಬರೆಯುವವರೂ ಬಹುಪಾಲು ಹಾಗೇ ಬರೆಯುತ್ತಾರೆ. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅಲ್ಲಿ ಇದು 468ನೆಯ ಕಲಮಾಗಿ ಕೂತಿದೆ. ನಂಬರು ಬದಲಾಗಿದೆ, ಮಾತು ಬದಲಾಗಿಲ್ಲ.

ಎದುರಿಗೆ ಕೂತವರಿಗೆ ಈ ಲೆಕ್ಕ ಎರಡು ವರ್ಷ ತಡವಾಗಿ ಬಂದಿತ್ತು.

ಈ ಉದ್ಯಾನದಿಂದ ಕಾಲ್ನಡಿಗೆಯ ದೂರದಲ್ಲೇ ನಗರದ ನ್ಯಾಯಾಲಯಗಳಿವೆ. ಮೈಸೂರು ಬ್ಯಾಂಕ್ ವೃತ್ತದ ಬಳಿಯ ಸಿವಿಲ್ ಕೋರ್ಟ್ ಸಂಕೀರ್ಣ, ಅದನ್ನು ದಾಟಿದರೆ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳು. ಅಂಥದೊಂದು ಕೋರ್ಟಿನಲ್ಲಿ ಹಿಂದೊಮ್ಮೆ ಬೇರೆ ಕೆಲಸಕ್ಕೆ ಹೋದವನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಟಕಟೆಯಲ್ಲಿ ನಿಂತ ಹುಡುಗನಿಗೆ ನ್ಯಾಯಾಧೀಶರು ಶಿಕ್ಷೆ ಓದಿದರು. ಆಮೇಲೆ ಕಡತದ ಹಾಳೆ ತಿರುವಿ ಅವನು ಒಳಗಿದ್ದ ದಿನಗಳ ಲೆಕ್ಕ ಬರೆಸಿದರು, ಸೆಟ್ ಆಫ್ ಎಂದರು. ಹುಡುಗನಿಗೆ 'ತಪ್ಪಿತಸ್ಥ' ಎಂಬ ಮಾತು ಮಾತ್ರ ಕೇಳಿಸಿತ್ತು. ಮುಖ ಬಿಳಿಚಿಕೊಂಡು ಪಕ್ಕದ ಪೇದೆಯ ಕಡೆ ಬಗ್ಗಿದ. 'ಎಷ್ಟಂತೆ?' ಪೇದೆ ಗಡಿಯಾರ ನೋಡಿಕೊಂಡು, 'ಆರ್ಡರ್ ಜೈಲಿಗೆ ಹೋಗೋದು ತಡವಾಗದಿದ್ರೆ ರಾತ್ರಿ ಊಟಕ್ಕೆ ಮನೆಗೆ' ಎಂದ. ಅಪರಾಧಿಯೆಂದು ಸಾಬೀತಾದ ಗಳಿಗೆಯಲ್ಲೇ ಬಿಡುಗಡೆಯೂ ಆದ ಮನುಷ್ಯನ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ. ಅಳಬೇಕೋ ನಗಬೇಕೋ ತಿಳಿಯದೆ ಅವನು ನ್ಯಾಯಾಧೀಶರಿಗೆ ಕೈಮುಗಿದ. ಅವರು ಆಗಲೇ ಮುಂದಿನ ಕಡತ ತೆರೆದಿದ್ದರು.

ಕಳೆಯುವ ಲೆಕ್ಕ ಒಂದನೆಯ ಕ್ಲಾಸಿನದು. ಆದರೂ ಅದರ ಸುತ್ತ ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಕೂರಬೇಕಾಯಿತು. 1974ಕ್ಕೆ ಮೊದಲೇ ಶಿಕ್ಷೆಯಾಗಿ, ಕಾನೂನು ಬಂದಾಗ ಇನ್ನೂ ಒಳಗಿದ್ದವರ ಗತಿಯೇನು? ತಿಹಾರ್ ಜೈಲಿನ ಕೈದಿಯೊಬ್ಬ ಈ ಪ್ರಶ್ನೆಯೆತ್ತಿದಾಗ, ಅವರಿಗೂ ಈ ಕಲಂ ಸಲ್ಲುತ್ತದೆಂದು ತೀರ್ಪಾಯಿತು. 1975ರ ಕಾನೂನು ವರದಿಗಳಲ್ಲಿ ಅದು ಅಚ್ಚಾಗಿದೆ. ಜೀವಾವಧಿ ಶಿಕ್ಷೆಯಾದವನಿಗೆ? ಜೀವದ ಅವಧಿ ಎಷ್ಟೆಂದು ಯಾರೂ ಅರಿಯರು, ಅರಿಯದ ಮೊತ್ತದಲ್ಲಿ ಕಳೆಯುವುದು ಹೇಗೆ ಎಂಬ ತೊಡಕು. ಆಗುವುದಿಲ್ಲ ಎಂದು 1982ರಲ್ಲಿ ಹೇಳಿದ ನ್ಯಾಯಾಲಯವೇ 1985ರಲ್ಲಿ, ಭಗೀರಥ ಎಂಬ ಕೈದಿಯ ಪ್ರಕರಣದಲ್ಲಿ, ಆಗುತ್ತದೆ ಎಂದು ತಿದ್ದಿಕೊಂಡಿತು. ಒಬ್ಬನೇ ಮನುಷ್ಯ ಎರಡು ಕೇಸುಗಳಲ್ಲಿ ಒಟ್ಟಿಗೇ ಬಂಧನದಲ್ಲಿದ್ದರೆ ಆ ದಿನಗಳನ್ನು ಯಾವ ಕೇಸಿಗೆ ಜಮಾ ಮಾಡಬೇಕು? ಒಂದಕ್ಕೆ ಎನ್ನುವುದು ಮೊದಲಿನ ಉತ್ತರ, ಎರಡಕ್ಕೂ ಎನ್ನುವುದು 2001ರ ಉತ್ತರ. ಅದೂ ಮೂವರಲ್ಲಿ ಇಬ್ಬರ ಬಹುಮತದಿಂದ. ಕಾಲಕ್ಕೆ ಸರಿಯಾಗಿ ಆರೋಪಪಟ್ಟಿ ಹಾಕದಿದ್ದರೆ ಅರವತ್ತು ಅಥವಾ ತೊಂಬತ್ತು ದಿನಕ್ಕೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದಷ್ಟೆ. ಆ ಎಣಿಕೆಯಲ್ಲಿ ಮೊದಲ ದಿನವನ್ನು ಸೇರಿಸಬೇಕೋ ಬಿಡಬೇಕೋ ಎಂಬ ಒಂದೇ ಒಂದು ದಿನದ ಜಗಳಕ್ಕೆ 2023ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. ಸೇರಿಸಬೇಕು ಎಂದಿತು. ಹೊರಗಿರುವ ನಮಗೆ ಒಂದು ದಿನವೆಂದರೆ ಹಾಳೆ ಹರಿದ ಕ್ಯಾಲೆಂಡರು.

ನಾನು ಈ ತೀರ್ಪುಗಳ ಸಂಗತಿಯನ್ನು ತುಸು ಬಿಡಿಸಿ ಹೇಳುತ್ತಿದ್ದಾಗ ಯಜಮಾನರು ನಡುವೆ ಬಾಯಿ ಹಾಕಿದರು. 'ಈಗ ವಿಚಾರಣೇಲಿ ಇರೋರಿಗೆ ಕೆಲಸ ಕೊಡ್ತಾರಾ?' ಕಡ್ಡಾಯವಿಲ್ಲ ಎಂದೆ. 'ಅವಾಗ್ಲೂ ಇರ್ನಿಲ್ಲ. ಅದೇ ಕಷ್ಟ. ಸಜಾ ಆದೋನು ಮಗ್ಗ, ತೋಟ ಅಂತ ಹೋಗ್ತಾನೆ, ಹೊತ್ತು ಹೋಯ್ತದೆ. ನಾವು ಕುಂತಲ್ಲೇ ಕುಂತಿರಬೇಕು.' ಅವರು ಹೇಳಿದ್ದರಲ್ಲಿ ಅವರಿಗೇ ತಿಳಿಯದ ಇನ್ನೊಂದು ನಷ್ಟವಿದೆ. ಸಜಾಬಂದಿ ಚೆನ್ನಾಗಿ ನಡೆದುಕೊಂಡರೆ, ದುಡಿದರೆ ಅವನಿಗೆ ಮಾಫಿಯ ದಿನಗಳು ಸಿಗುತ್ತವೆ. ವಿಚಾರಣಾಧೀನ ಕೈದಿಗೆ ಅದಿಲ್ಲ. ಕಳೆಯುವಾಗ ಅವನ ಒಂದು ದಿನಕ್ಕೆ ಒಂದೇ ದಿನ. ದಂಡ ಕಟ್ಟಲಾಗದೆ ಅನುಭವಿಸುವ ಸಜೆಗೂ ಈ ಸೆಟ್ ಆಫ್ ಅನ್ವಯಿಸುವುದಿಲ್ಲ. ವರ್ಷಗಟ್ಟಲೆ ಒಳಗಿದ್ದು ಶಿಕ್ಷೆಯನ್ನೆಲ್ಲ ತೀರಿಸಿದವನು ಕೊನೆಗೆ ಕೆಲವು ಸಾವಿರ ರೂಪಾಯಿ ದಂಡಕ್ಕಾಗಿ ಮತ್ತೆ ಉಳಿಯುವುದು ಹೀಗೆ. ಜಾಮೀನು ನಿಲ್ಲಲು ಜನವಿಲ್ಲದವನಿಗೆ ದಂಡ ಕಟ್ಟಲು ಹಣ ಎಲ್ಲಿಂದ ಬರಬೇಕು?

ಇನ್ನೊಂದು ಬಗೆಯ ದಿನಗಳಿವೆ, ಅವು ಯಾವ ಕಲಮಿನ ಹಿಡಿತಕ್ಕೂ ಸಿಗುವುದಿಲ್ಲ. ಅವುಗಳ ನೆನಪು ಮಾಡಿಕೊಳ್ಳಲು ಬೆಂಗಳೂರಿನಲ್ಲಿ ಇದಕ್ಕಿಂತ ತಕ್ಕ ಜಾಗವಿಲ್ಲ. 1975ರ ಜೂನ್ ತಿಂಗಳ ಕೊನೆಯಲ್ಲಿ ಪಕ್ಷಾಂತರ ನಿಷೇಧ ಮಸೂದೆಯ ಸಂಸದೀಯ ಸಮಿತಿಯ ಸಭೆಗೆಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬೆಂಗಳೂರಿಗೆ ಬಂದಿದ್ದರು. ತುರ್ತು ಪರಿಸ್ಥಿತಿ ಘೋಷಣೆಯಾಯಿತು; ಸಭೆಗೆ ಬಂದವರು ಈ ಗೋಡೆಯೊಳಗೆ ಬಂದರು. ದೇವೇಗೌಡರು, ರಾಮಕೃಷ್ಣ ಹೆಗಡೆಯವರು ಮೊದಲಾಗಿ ನಮ್ಮವರೂ ಬಂಧನದಲ್ಲಿದ್ದರು. ಅಡ್ವಾಣಿಯವರು ಇಲ್ಲಿದ್ದಾಗ ಬರೆದ ದಿನಚರಿ ಮುಂದೆ ಪುಸ್ತಕವಾಯಿತು. ಇಬ್ಬರು ಭಾವೀ ಪ್ರಧಾನಿಗಳನ್ನು ಕಂಡ ಜೈಲು ಇದು.

ಆದರೆ ನನ್ನ ಮನಸ್ಸು ಹೋದದ್ದು ಸ್ನೇಹಲತಾ ರೆಡ್ಡಿಯವರ ಕಡೆಗೆ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಗೊತ್ತಿದ್ದ ಕಲಾವಿದೆ. 1976ರ ಮೇ ತಿಂಗಳಲ್ಲಿ ಬಂಧನವಾಯಿತು. ಆಸ್ತಮಾದ ರೋಗಿ. ಬರೋಡಾ ಡೈನಮೈಟ್ ಪ್ರಕರಣದ ನೆರಳಿನಲ್ಲಿ ಹಿಡಿದರಾದರೂ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆರೋಪವಿಲ್ಲ, ವಿಚಾರಣೆಯಿಲ್ಲ, ಮೀಸಾ ಎಂಬ ಎರಡಕ್ಷರ ಮಾತ್ರ. ಸುಮಾರು ಎಂಟು ತಿಂಗಳ ಮೇಲೆ, 1977ರ ಜನವರಿ 15ರಂದು, ಪರೋಲ್ ಮೇಲೆ ಹೊರಗೆ ಬಿಟ್ಟರು. 20ನೇ ತಾರೀಕು ತೀರಿಕೊಂಡರು. ಐದು ದಿನ. ಅವರು ಒಳಗೆ ಬರೆದಿಟ್ಟ ದಿನಚರಿ ಅದೇ ವರ್ಷ ಅಚ್ಚಾಯಿತು.

ಮೀಸಾದಂಥ ಮುನ್ನೆಚ್ಚರಿಕೆಯ ಬಂಧನದ ದಿನಗಳನ್ನು ಮುಂದೆ ಬೇರೆ ಪ್ರಕರಣದಲ್ಲಿ ಶಿಕ್ಷೆಯಾದಾಗ ಕಳೆಯಬಹುದೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದೂ 1977ರಲ್ಲೇ. ಆಂಧ್ರದಿಂದ ಬಂದ ಪ್ರಕರಣ. ಇಲ್ಲ ಎಂದಿತು ನ್ಯಾಯಾಲಯ. ಕಲಮಿನ ಮಾತು ಸ್ಪಷ್ಟ: ತನಿಖೆ, ವಿಚಾರಣೆಗಾಗಿ ಒಳಗಿದ್ದ ದಿನಗಳು ಮಾತ್ರ. ಏನೂ ಮಾಡದವನನ್ನು, ಮುಂದೆ ಮಾಡಿಯಾನೆಂದು ಹಿಡಿದಿಟ್ಟ ದಿನಗಳಿಗೆ ತನಿಖೆ ಎಲ್ಲಿಯದು? ಕಾನೂನಿನ ಓದು ಸರಿಯಾಗಿಯೇ ಇದೆ. ಸರಿಯಾಗಿರುವುದೇ ಅದರಲ್ಲಿನ ಕಸಿವಿಸಿ.

ಮಧ್ಯಾಹ್ನದ ಹೊತ್ತಿಗೆ ಯಜಮಾನರನ್ನು ಕಾಫಿಗೆ ಕರೆದೆ. ಬರಲಿಲ್ಲ, ಚೀಲದಿಂದ ರೊಟ್ಟಿ ತೆಗೆದರು. ನನಗೂ ಒಂದು ಕೊಟ್ಟರು, ಹುಚ್ಚೆಳ್ಳಿನ ಚಟ್ನಿಯ ಜೊತೆ. ಈಗಿನ ಜೈಲು ನೋಡಿದ್ದೀರಾ ಎಂದು ಕೇಳಿದೆ. 'ಅದ್ಯಾಕೆ ನೋಡ್ಲಿ!'

ನಾನು ನೋಡಿದ್ದೇನೆ, ಹೊರಗಿನಿಂದ. ಹೊಸೂರು ರಸ್ತೆಯಿಂದ ಒಳಕ್ಕೆ ತಿರುಗಿ, ಸಾಫ್ಟ್‌ವೇರಿನವರ ಅಪಾರ್ಟ್‌ಮೆಂಟುಗಳನ್ನು ದಾಟಿ ಹೋದರೆ ಪರಪ್ಪನ ಅಗ್ರಹಾರ. ಮಜೆಸ್ಟಿಕ್ಕಿಗೆ ಹತ್ತಿರವಿದ್ದ ಜೈಲು ಊರಾಚೆಗೆ ಹೋದದ್ದರಿಂದ ಹಳ್ಳಿಯಿಂದ ಮಗನನ್ನೋ ಗಂಡನನ್ನೋ ನೋಡಲು ಬರುವವರಿಗೆ ಇನ್ನೊಂದು ಬಸ್ಸಿನ ಖರ್ಚು ಹೆಚ್ಚಾಯಿತು. ಸಂದರ್ಶನಕ್ಕೆ ಕಾದು ಕೂತ ಹೆಂಗಸರ ಬಾಯಲ್ಲಿ ಕೇಳಿಬರುವುದು ಎರಡೇ ಮಾತು. 'ನಿಮ್ಮೋರದ್ದು ಡೇಟ್ ಯಾವಾಗ?' 'ಎಷ್ಟು ದಿನ ಆಯ್ತು?' ಯಾಕೆ ಒಳಗಿದ್ದಾರೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಆ ಜೈಲಿನ ದಿನಗಳ ಲೆಕ್ಕ ಇಡೀ ದೇಶದ ಸುದ್ದಿಯಾದದ್ದೂ ಉಂಟು. 2014ರ ಸೆಪ್ಟೆಂಬರ್ 27ರಂದು ಅಲ್ಲಿಯೇ ಕೂತ ವಿಶೇಷ ನ್ಯಾಯಾಲಯ ಜಯಲಲಿತಾ ಮತ್ತು ಶಶಿಕಲಾ ಅವರಿಗೆ ನಾಲ್ಕು ವರ್ಷಗಳ ಸಜೆ ವಿಧಿಸಿತು. ಮೂರು ವಾರಕ್ಕೆ ಜಾಮೀನು, ಮರುವರ್ಷ ಹೈಕೋರ್ಟಿನಲ್ಲಿ ಖುಲಾಸೆ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಮತ್ತೆ ಶಿಕ್ಷೆ ಖಾಯಂ. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಶಶಿಕಲಾ 2017ರ ಫೆಬ್ರವರಿ 15ರಂದು ಶರಣಾದರು. ನಾಲ್ಕು ವರ್ಷ ಎಣಿಸಿದರೆ 2021ರ ಫೆಬ್ರವರಿ ಮಧ್ಯಕ್ಕೆ ಮುಗಿಯಬೇಕು. ಹಿಂದೆ ಒಳಗಿದ್ದ ದಿನಗಳನ್ನು ಕೂಡಿ, ಪರೋಲಿನ ದಿನಗಳನ್ನು ಬಿಟ್ಟು ಜನವರಿ 27ಕ್ಕೆ ಬಿಡುಗಡೆಯಾಯಿತು. ಕೋವಿಡ್ ತಗುಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿದ್ದ ಅವರಿಗೆ ಅಲ್ಲಿಯೇ ಕಾಗದ ಕೊಟ್ಟರು. ಹತ್ತು ಕೋಟಿ ರೂಪಾಯಿ ದಂಡವನ್ನೂ ಕಟ್ಟಿದ್ದರೆನ್ನಿ. ದೊಡ್ಡವರ ದಿನಗಳನ್ನು ಎಣಿಸಲು ವಕೀಲರ ಪಡೆಯೇ ಇರುತ್ತದೆ, ಪತ್ರಿಕೆಗಳೂ ಎಣಿಸುತ್ತವೆ. ಸಣ್ಣವರ ದಿನಗಳನ್ನು ಅವರೇ ಗೋಡೆಯ ಮೇಲೆ ಗೀರಿಟ್ಟುಕೊಳ್ಳಬೇಕು.

ಹಾಗೆ ಗೀರಿಡುವವರು ಎಷ್ಟು ಜನ? 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ಶಿಕ್ಷೆಯಾಗದೆ, ವಿಚಾರಣೆಗಾಗಿ ಇದ್ದವರು. ನಾಲ್ವರಲ್ಲಿ ಮೂವರು. ಸರಕಾರವೇ ಅಚ್ಚು ಹಾಕಿದ ಅಂಕಿ ಇದು. ಅಂದರೆ ನಮ್ಮ ಜೈಲುಗಳು ಶಿಕ್ಷೆಯ ಮನೆಗಳಿಗಿಂತ ಹೆಚ್ಚಾಗಿ ಕಾಯುವ ಕೋಣೆಗಳು.

1979ರಲ್ಲಿ ಬಿಹಾರದ ಜೈಲುಗಳಲ್ಲಿ, ಆರೋಪ ಸಾಬೀತಾದರೆ ಸಿಗಬಹುದಾದ ಅತಿ ಹೆಚ್ಚಿನ ಶಿಕ್ಷೆಯನ್ನೂ ಮೀರಿ ಕೊಳೆಯುತ್ತಿದ್ದವರ ಸಂಗತಿ ಪತ್ರಿಕೆಯಲ್ಲಿ ಬಂದು, ಹುಸೇನಾರಾ ಖಾತೂನ್ ಪ್ರಕರಣವಾಗಿ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತಿತು. ತ್ವರಿತ ವಿಚಾರಣೆ ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿದ್ದು ಆಗಲೇ. ಆಮೇಲೂ ಅಸ್ಸಾಮಿನಲ್ಲಿ, 1951ರಲ್ಲಿ ಬಂಧಿಸಿದ ಒಬ್ಬ ಮನುಷ್ಯ ಒಳಗೇ ಮರೆತುಹೋಗಿ 2005ರಲ್ಲಿ ಹೊರಗೆ ಬಂದ. 54 ವರ್ಷ. ಬಿಡುವಾಗ ಒಂದು ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡರು. ಅವನ ಆ ದಿನಗಳನ್ನು ಯಾವ ಶಿಕ್ಷೆಯಲ್ಲಿ ಕಳೆಯೋಣ? 2006ರ ಜೂನ್‌ನಿಂದ ಜಾರಿಗೆ ಬಂದ 436ಎ ಕಲಂ ತುಸು ಬಾಗಿಲು ತೆರೆಯಿತು: ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗಿದ್ದವನನ್ನು ಸಾಮಾನ್ಯವಾಗಿ ಬಿಡತಕ್ಕದ್ದು. ಹೊಸ ಸಂಹಿತೆಯಲ್ಲಿ ಮೊದಲ ಬಾರಿಯ ಆರೋಪಿಗೆ ಮೂರನೆಯ ಒಂದು ಭಾಗ ಸಾಕು. ಈ ಅನುಕೂಲ ಹಳೆಯ ಪ್ರಕರಣದವರಿಗೂ ಉಂಟೆಂದು 2024ರ ಆಗಸ್ಟ್‌ನಲ್ಲಿ ತೀರ್ಮಾನವಾಯಿತು. ಮರಣದಂಡನೆ, ಜೀವಾವಧಿಯ ಆರೋಪವಿದ್ದವರಿಗೆ ಇದು ಇಲ್ಲ. ಹೊಸ ಸಂಹಿತೆಯಲ್ಲಿ ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೂ ಇಲ್ಲ.

ಈ ಎಲ್ಲ ಕೂಡಿ ಕಳೆಯುವ ಲೆಕ್ಕದ ನಡುವೆ ನನ್ನನ್ನು ಕಾಡುವುದು ಇನ್ನೊಂದು. ತಪ್ಪು ಮಾಡಿದವನಿಗೆ ಅವನ ದಿನಗಳು ವಾಪಸು ಸಿಗುತ್ತವೆ, ಶಿಕ್ಷೆಯಲ್ಲಿ ಕಳೆಯುತ್ತಾರೆ. ತಪ್ಪು ಮಾಡಿಲ್ಲವೆಂದು ಖುಲಾಸೆಯಾದವನಿಗೆ? ಅವನಿಗೆ ಶಿಕ್ಷೆಯೇ ಇಲ್ಲ, ಆದ್ದರಿಂದ ಕಳೆಯಲು ಏನೂ ಇಲ್ಲ. ಮೂರು ವರ್ಷ ಒಳಗಿದ್ದು ನಿರಪರಾಧಿಯೆನಿಸಿಕೊಂಡವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಅಂಥವರಿಗೆ ಪರಿಹಾರ ಕೊಡುವ ಕಾನೂನೊಂದು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಹೇಳಿತು. ಇದು ಗೊತ್ತಿದ್ದೇ ಕೆಲವರು ಮಾಡದ ತಪ್ಪನ್ನು ಒಪ್ಪಿಕೊಳ್ಳುವುದೂ ಉಂಟು. ಒಪ್ಪಿಕೊಂಡರೆ ಇದ್ದ ದಿನಗಳೇ ಶಿಕ್ಷೆಯಾಗಿ ಇವತ್ತೇ ಬಿಡುಗಡೆ. ಒಪ್ಪದಿದ್ದರೆ ಮುಂದಿನ ಡೇಟು. ಸೆಟ್ ಆಫ್ ಎಂಬ ದಯೆಗೆ ಇಂಥದೊಂದು ಬೆನ್ನೂ ಇದೆ.

ಇದನ್ನು ಯಜಮಾನರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: 'ಆ ಹೊಸಾ ಕಾನೂನು ಅವಾಗ್ಲೇ ಇದ್ದಿದ್ರೆ ನಾನು ಯಾವತ್ತು ಈಚೆ ಬತ್ತಿದ್ದೆ?'

'ತೀರ್ಪಿನ ದಿನವೇ. ಶಿವರಾತ್ರಿ ಕಳೆದ ಕೂಡಲೇ.'

ಬೆರಳು ಮಡಿಸಿದರು. ಫಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ. ನಾಲ್ಕನೆಯ ಬೆರಳಿನ ಮೇಲೆ ಕೈ ನಿಂತಿತು. 'ಆಷಾಢದಾಗೆ ನಮ್ಮವ್ವ ಹೋದ್ಲು. ಎಂಟು ದಿನ ಆದ್ಮೇಲೆ ಕಾಗದ ಬಂತು. ಓದಿ ಹೇಳ್ದೋನು ಅಗೋ, ಆ ಮೂರನೇ ಕಿಟಕಿ ತಾವ ಇದ್ದೋನು, ಕನಕಪುರದೋನು.'

ನಾನು ಏನಾದರೂ ಹೇಳಬೇಕೆಂದು ಹೊರಟೆ. ಅವರೇ ತಡೆದರು. 'ಇಲ್ಲ ಬುಡಿ, ಆ ಲೆಕ್ಕ ನಂಗೆ ಮೊದಲೇ ಗೊತ್ತು. ನೀವು ಹೇಳಿದ್ದೂ ಅಷ್ಟೇ ಬತ್ತದಾ ಅಂತ ನೋಡ್ದೆ.'

ಬೆಂಗಳೂರಿಗೆ ಬಂದಾಗಲೆಲ್ಲ ಇಲ್ಲಿಗೆ ಬರುತ್ತೀರಾ ಎಂದೆ. ಮಗಳ ಮನೆ ಕಾಮಾಕ್ಷಿಪಾಳ್ಯದಲ್ಲಿ, ಬಂದಾಗ ಒಂದು ಸಲ ಹೀಗೆ ಬಂದು ಕೂತು ಹೋಗುತ್ತಾರಂತೆ. ಮೊಮ್ಮಕ್ಕಳಿಗೆ ಪಾರ್ಕಿಗೆ ಹೋಗಿದ್ದೆ ಎಂದಷ್ಟೇ ಹೇಳುತ್ತಾರೆ. ಅದು ಸುಳ್ಳೂ ಅಲ್ಲ.

ಹೊರಗಡೆ ಮೈಕಿನಲ್ಲಿ ಯಾರೋ ಮುಖಂಡರು ಬಂದರೆಂದು ಚಪ್ಪಾಳೆ ಕೇಳಿಸಿತು. ಅವರು ರೊಟ್ಟಿ ಕಟ್ಟಿದ್ದ ಬಟ್ಟೆ ಕೊಡವಿ, ಮಡಿಸಿ ಚೀಲಕ್ಕೆ ತುಂಬಿದರು. ಕಾವಲುಗಾರ ದೂರದಲ್ಲಿ ಸೀಟಿ ಬಾಯಿಗಿಟ್ಟುಕೊಂಡು ಹುಲ್ಲಿನ ಮೇಲೆ ಕೂತ ಹುಡುಗರ ಕಡೆಗೆ ನಡೆಯುತ್ತಿದ್ದ. ಅದನ್ನು ನೋಡಿದ್ದೇ ತಡ ಯಜಮಾನರು ಮೊಣಕಾಲಿಗೆ ಕೈಯೂರಿ ಎದ್ದುಬಿಟ್ಟರು.

'ಅವನು ಕರೆಯುತ್ತಿರುವುದು ನಮ್ಮನ್ನಲ್ಲ, ಕೂತ್ಕೊಳ್ಳಿ' ಎಂದೆ.

'ಊದೋಕೆ ಮುಂಚೆ ನಾನೇ ಹೊಂಟೋಯ್ತೀನಿ ಸ್ವಾಮಿ' ಎಂದು ಗೇಟಿನ ಕಡೆಗೆ ಹೆಜ್ಜೆ ಹಾಕಿದರು.